ಎಚ್ಚರವೂ ಅರಿವೂ: ಸ್ವಯಂಚಾಲಿತ ವಾಹನದಿಂದ ಹತೋಟಿಯನ್ನು ಹಿಂದಕ್ಕೆ ಪಡೆಯುವ ಚಾಲಕನನ್ನು ಕುರಿತು ಒಂದು ವಿಮರ್ಶೆ

1

ತನ್ನಷ್ಟಕ್ಕೆ ತಾನೇ ಓಡುವ ವಾಹನವು ತನ್ನ ಶಕ್ತಿಗೆ ಮೀರಿದ ಸನ್ನಿವೇಶವೊಂದು ಎದುರಾದಾಗ ಹತೋಟಿಯನ್ನು ಮನುಷ್ಯನ ಕೈಗೆ ಒಪ್ಪಿಸುತ್ತದೆ. ಆ ಗಳಿಗೆಯಲ್ಲಿ ಆ ಮನುಷ್ಯನಿಗೆ ರಸ್ತೆಯ ಸ್ಥಿತಿಗತಿಯ ಅರಿವು ಎಷ್ಟಿರುತ್ತದೆ, ಎಷ್ಟಿರಬೇಕು, ಅರಿವಿಲ್ಲದೆ ಅನಾಹುತವಾದರೆ ಹೊಣೆ ಯಾರದು ಎಂಬ ಮೂರು ಪ್ರಶ್ನೆಗಳನ್ನು ಕುರಿತು ಕಳೆದ ಕೆಲವು ದಶಕಗಳಲ್ಲಿ ವಿಪುಲವಾದ ಸಾಹಿತ್ಯ ಬೆಳೆದಿದೆ. ಅದರ ಬಹುಭಾಗ ಮನಶ್ಶಾಸ್ತ್ರಜ್ಞರದು. ಉಳಿದುದು ಯಂತ್ರಶಿಲ್ಪಿಗಳದು ಮತ್ತು ನ್ಯಾಯವೇತ್ತರದು. ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಈ ವಿಷಯಕ್ಕೆ ಎಡೆಯೇನು ಎಂದು ವಾಚಕರು ಕೇಳಿದರೆ ಅದು ಸಹಜವೇ ಆಗಿದೆ.

ಇದಕ್ಕೆ ನಮ್ಮ ಉತ್ತರ ಎರಡು ಬಗೆಯದು. ಮೊದಲನೆಯದಾಗಿ, ಹತೋಟಿಯನ್ನು ಬಿಟ್ಟುಕೊಟ್ಟು ಮತ್ತೆ ಪಡೆಯುವ ವ್ಯವಹಾರ ಇಂದಿನದಲ್ಲ. ಎತ್ತು ತಾನೇ ದಾರಿ ಹಿಡಿದು ನಡೆಯುತ್ತಿದ್ದ ಕಾಲದಿಂದಲೂ ಅದು ಇದೆ. ಹಳೆಯ ಅನುಭವವನ್ನು ಬದಿಗಿಟ್ಟು ಹೊಸದನ್ನು ಅಳೆಯಹೊರಟರೆ ಅಳತೆಗೋಲೇ ತಪ್ಪಾಗುವ ಸಂಭವವುಂಟು. ಎರಡನೆಯದಾಗಿ, ಅಪಘಾತವನ್ನು ಕುರಿತ ಪ್ರತಿಯೊಂದು ವಿಚಾರಣಾ ವರದಿಯೂ ಒಂದು ಐತಿಹಾಸಿಕ ದಾಖಲೆ. ಪರಿಣಾಮವನ್ನು ಬಲ್ಲವರು, ಪರಿಣಾಮವನ್ನು ಅರಿಯದೆ ವರ್ತಿಸಿದವರನ್ನು ಕುರಿತು ಬರೆದ ದಾಖಲೆ ಅದು. ಅಂತಹ ದಾಖಲೆಗಳನ್ನು ಒರೆಗೆ ಹಚ್ಚುವುದು ಇತಿಹಾಸಕಾರನ ನಿತ್ಯದ ಕೆಲಸ.

ಪ್ರಸ್ತುತ ಲೇಖನದಲ್ಲಿ ನಾವು ಪ್ರತಿಪಾದಿಸಹೊರಟಿರುವುದು ಇಷ್ಟು: ಹತೋಟಿಯನ್ನು ಮರಳಿ ಪಡೆಯುವಾಗ ಬೇಕಾದ ಅರಿವು ಚಾಲಕನೊಬ್ಬನ ಗುಣವಲ್ಲ. ಅದು ವಾಹನವು ಹೇಳುವುದರಿಂದಲೂ ಚಾಲಕನ ಕೈ ಮಾಡುತ್ತ ಬಂದುದರಿಂದಲೂ ಹುಟ್ಟುವಂಥದು. ಈ ಎರಡನ್ನೂ ಕಿತ್ತುಕೊಂಡು ಹೊಣೆಯನ್ನು ಮಾತ್ರ ಉಳಿಸಿದರೆ, ಆಸನದಲ್ಲಿ ಉಳಿಯುವವನು ಚಾಲಕನಲ್ಲ. ಮುಂದೆ ಬರೆಯಲಾಗುವ ವರದಿಗೆ ಬೇಕಾದ ಅಪರಾಧಿ ಮಾತ್ರ.

2

ಮೊದಲು ಪದಗಳ ವಿಚಾರ. ಕನ್ನಡದಲ್ಲಿ ಎಚ್ಚರ, ಗಮನ, ಅರಿವು ಎಂಬ ಮೂರು ಮಾತುಗಳು ಬೇರೆ ಬೇರೆಯಾಗಿವೆ. ಎಚ್ಚರವೆಂದರೆ ನಿದ್ರೆಯಿಲ್ಲದಿರುವಿಕೆ. ಗಮನವೆಂದರೆ ಮನಸ್ಸು ಒಂದು ವಿಷಯದ ಕಡೆಗೆ ತಿರುಗಿರುವಿಕೆ. ಅರಿವೆಂದರೆ ಕಂಡುದರ ಅರ್ಥವನ್ನೂ ಅದರ ಮುಂದಿನ ಗತಿಯನ್ನೂ ಬಲ್ಲ ಸ್ಥಿತಿ. ಎಚ್ಚರವಿದ್ದೂ ಗಮನವಿಲ್ಲದಿರಬಹುದು, ಗಮನವಿದ್ದೂ ಅರಿವು ಬಾರದಿರಬಹುದು. ಈ ಕ್ಷೇತ್ರದಲ್ಲಿ ಪ್ರಮಾಣವೆನಿಸಿರುವ ಮೈಕಾ ಎಂಡ್ಸ್‌ಲೀ ಅವರು 1995ರಲ್ಲಿ ಮಂಡಿಸಿದ ಸಿದ್ಧಾಂತವೂ ಸನ್ನಿವೇಶದ ಅರಿವಿಗೆ ಮೂರು ಮೆಟ್ಟಿಲುಗಳನ್ನು ಹೇಳುತ್ತದೆ: ಕಾಣುವುದು, ಕಂಡುದನ್ನು ಗ್ರಹಿಸುವುದು, ಮುಂದೆ ಆಗುವುದನ್ನು ಊಹಿಸುವುದು. ಆದರೆ ನಮ್ಮ ರಸ್ತೆಬದಿಯ ಫಲಕಗಳಲ್ಲಿಯೂ ಪತ್ರಿಕಾ ವರದಿಗಳಲ್ಲಿಯೂ ‘ಎಚ್ಚರಿಕೆ’ ಎಂಬ ಒಂದೇ ಮಾತು ಈ ಮೂರಕ್ಕೂ ಸಲ್ಲುತ್ತಿದೆ. ಪದಗಳು ಬೆರೆತಾಗ ಹೊಣೆಯೂ ಬೆರೆತುಹೋಗುತ್ತದೆ. ನಿದ್ರೆ ಮಾಡದಿರುವುದು ಚಾಲಕನ ಕರ್ತವ್ಯವೆಂಬುದು ನಿರ್ವಿವಾದ. ಅರಿವು ಉಂಟಾಗದಿದ್ದುದಕ್ಕೂ ಅದೇ ಮಾತಿನಿಂದ ಅವನನ್ನು ದೂಷಿಸುವುದು ಸರಿಯಲ್ಲ.

ಈ ಭೇದ ಕೇವಲ ಶಬ್ದಚಮತ್ಕಾರವಲ್ಲವೆಂಬುದಕ್ಕೆ ತಿಪಟೂರಿನ ನಿಲ್ದಾಣದ ಮೂಲಕ ದಿನವೂ ಹಾದುಹೋಗುವ ರೈಲುಗಳೇ ನಿದರ್ಶನ. ನಮ್ಮ ರೈಲ್ವೆಯ ಎಂಜಿನುಗಳಲ್ಲಿ ಚಾಲಕನ ಎಚ್ಚರವನ್ನು ಪರೀಕ್ಷಿಸುವ ಒಂದು ಉಪಕರಣವುಂಟು. ಸುಮಾರು ಒಂದು ನಿಮಿಷದವರೆಗೆ ಚಾಲಕ ಯಾವ ಹಿಡಿಕೆಯನ್ನೂ ಮುಟ್ಟದಿದ್ದರೆ ಮೊದಲು ದೀಪ ಮಿನುಗುತ್ತದೆ, ಬಳಿಕ ಸದ್ದಾಗುತ್ತದೆ. ಆಗಲೂ ಅವನು ಗುಂಡಿ ಒತ್ತದಿದ್ದರೆ ಬ್ರೇಕು ತಾನಾಗಿ ಬೀಳುತ್ತದೆ. ಉಪಯುಕ್ತವಾದ ಸಾಧನವಿದು. ಆದರೆ ಅದು ಅಳೆಯುವುದು ಎಚ್ಚರವನ್ನು, ಅರಿವನ್ನಲ್ಲ. ಮುಂದಿನ ಕೈಮರ ಯಾವ ಬಣ್ಣದಲ್ಲಿದೆ ಎಂಬುದನ್ನು ಗುಂಡಿ ಒತ್ತಿದ ಬೆರಳು ಬಲ್ಲದು ಎಂದು ಅದರಿಂದ ಸಿದ್ಧವಾಗುವುದಿಲ್ಲ. ಇಂದಿನ ಮೋಟಾರು ಕಾರುಗಳಲ್ಲಿ ಸ್ಟಿಯರಿಂಗ್ ಚಕ್ರದ ಮೇಲೆ ಕೈಯಿದೆಯೇ ಎಂದು ಪರೀಕ್ಷಿಸುವ ವ್ಯವಸ್ಥೆಗಳೂ ಇದೇ ವರ್ಗಕ್ಕೆ ಸೇರಿದವು.

ಎಚ್ಚರ ಕೂಡ ಮನುಷ್ಯನು ಬೇಕೆಂದಷ್ಟು ಕಾಲ ಹಿಡಿದಿಡಬಲ್ಲ ವಸ್ತುವಲ್ಲ. ಯುದ್ಧಕಾಲದಲ್ಲಿ ರೇಡಾರ್ ಪರದೆಯನ್ನು ಕಾಯುತ್ತಿದ್ದ ಬ್ರಿಟಿಷ್ ಸಿಬ್ಬಂದಿಯ ಸಮಸ್ಯೆಯಿಂದ ಪ್ರೇರಿತರಾಗಿ ನಾರ್ಮನ್ ಮ್ಯಾಕ್‌ವರ್ತ್ ಎಂಬ ವಿದ್ವಾಂಸರು ಗಡಿಯಾರದಂತಹ ಒಂದು ಯಂತ್ರವನ್ನಿಟ್ಟು ಪ್ರಯೋಗ ನಡೆಸಿ 1948ರಲ್ಲಿ ಪ್ರಕಟಿಸಿದರು. ಮುಳ್ಳು ಅಪರೂಪವಾಗಿ ಎರಡು ಹೆಜ್ಜೆ ಹಾರಿದುದನ್ನು ಗುರುತಿಸುವುದಷ್ಟೇ ಕೆಲಸ. ಮೊದಲ ಅರ್ಧ ಗಂಟೆಯಲ್ಲಿಯೇ ಕಾವಲಿನವರ ಸಾಮರ್ಥ್ಯ ಗಣನೀಯವಾಗಿ ಕುಗ್ಗಿತು. ಏನೂ ಮಾಡದೆ ಕಾಯುವುದು ಮನುಷ್ಯನಿಗೆ ಅತ್ಯಂತ ಕಷ್ಟಕರವಾದ ಕೆಲಸವೆಂಬುದು ಹೀಗೆ ಮುಕ್ಕಾಲು ಶತಮಾನದಿಂದ ತಿಳಿದಿರುವ ವಿಷಯ.

3

ಇನ್ನು ನಮ್ಮ ಸೀಮೆಯ ಹಳೆಯ ಅನುಭವಕ್ಕೆ ಬರೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ನಾಡಿನಲ್ಲಿ ಲಾರಿಗಳು ಬರುವ ಮುನ್ನ ಕೊಬ್ಬರಿಯ ಮೂಟೆಗಳನ್ನು ಪೇಟೆಗೆ ಹೊತ್ತವು ಎತ್ತಿನ ಗಾಡಿಗಳು. ಹಳ್ಳಿಕಾರ್ ಮತ್ತು ಅಮೃತಮಹಲ್ ತಳಿಗಳ ನೆಲೆ ಇದು. ಅಮೃತಮಹಲ್ ತಳಿಯನ್ನು ಸಾಕುವ ಸರ್ಕಾರಿ ಕೇಂದ್ರವೊಂದು ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಇಂದಿಗೂ ಇದೆ. ಸರಕು ಮಾರಿ ಇರುಳಿನಲ್ಲಿ ಊರಿಗೆ ಹಿಂದಿರುಗುವಾಗ ಗಾಡಿಯವನು ಅಚ್ಚಿನ ಕೆಳಗೆ ಲಾಂದ್ರ ಕಟ್ಟಿ, ಹಗ್ಗವನ್ನು ಸಡಿಲಬಿಟ್ಟು ಮಲಗಿಬಿಡುತ್ತಿದ್ದನು, ಎತ್ತುಗಳೇ ಮನೆ ಸೇರಿಸುತ್ತಿದ್ದವು ಎಂಬ ಮಾತನ್ನು ಈ ಭಾಗದ ಹಿರಿಯರಿಂದ ಈಗಲೂ ಕೇಳಬಹುದು. ಸ್ವಯಂಚಾಲಿತ ವಾಹನವೆಂಬುದಕ್ಕೆ ಇದಕ್ಕಿಂತ ಹಳೆಯದಾದ ಉದಾಹರಣೆಯನ್ನು ಹುಡುಕಿಕೊಂಡು ನಾವು ಹೊರನಾಡಿಗೆ ಹೋಗಬೇಕಾಗಿಲ್ಲ.

ಇಲ್ಲಿ ಹತೋಟಿ ಮರಳಿ ಬರುತ್ತಿದ್ದ ಬಗೆಯನ್ನು ಪರಿಶೀಲಿಸಬೇಕು. ಅಪರಿಚಿತವಾದುದೇನಾದರೂ ಎದುರಾದರೆ ಎತ್ತು ನಿಲ್ಲುತ್ತದೆ. ಕುಲುಕಾಟ ನಿಂತೊಡನೆ, ಕೊರಳ ಗಂಟೆಯ ಸದ್ದು ಅಡಗಿದೊಡನೆ, ಮಲಗಿದವನಿಗೆ ಎಚ್ಚರವಾಗುತ್ತದೆ. ಎದ್ದವನ ಮುಂದೆ ಮೂರು ಅನುಕೂಲಗಳಿರುತ್ತವೆ. ಒಂದು, ಬಿಡುವು: ಗಾಡಿ ನಿಂತೇ ಇದೆ, ಕಣ್ಣುಜ್ಜಿಕೊಂಡು ನೋಡಲು ಕಾಲವಿದೆ. ಎರಡು, ಸೂಚನೆ: ಎತ್ತಿನ ನಿಮಿರಿದ ಕಿವಿ, ಬುಸುಗುಟ್ಟುವ ಮೂಗು, ಪಕ್ಕಕ್ಕೆ ಒತ್ತುವ ನೊಗ, ಇವು ಅಪಾಯ ಯಾವ ದಿಕ್ಕಿನಲ್ಲಿದೆ ಎಂಬುದನ್ನು ಹೇಳುತ್ತವೆ. ಮೂರು, ಅಭ್ಯಾಸ: ಆ ಎತ್ತುಗಳನ್ನು ಪಳಗಿಸಿದವನೂ ಹಗಲೆಲ್ಲ ಹೊಡೆದವನೂ ಅವನೇ, ಅವುಗಳ ಮನೋಧರ್ಮವನ್ನು ಅವನ ಕೈ ಬಲ್ಲದು.

ಈ ಅನುಭವವನ್ನು ಭಾವುಕತೆಯಿಂದ ಹೊಗಳುವುದು ನಮ್ಮ ಉದ್ದೇಶವಲ್ಲ. ಲಾರಿಗಳ ಓಡಾಟ ಹೆಚ್ಚಿದ ಮೇಲೆ ಮಲಗಿದ ಗಾಡಿಯವನ ಸುಖ ಅಪಾಯಕರವಾಯಿತು. ಹಿಂದಿನಿಂದ ವೇಗವಾಗಿ ಬರುವ ದೀಪಗಳ ವಿಷಯದಲ್ಲಿ ಎತ್ತಿಗೆ ಯಾವ ತಿಳಿವಳಿಕೆಯೂ ಇರಲಿಲ್ಲ. ನಿಲ್ಲುವುದೇ ಅಲ್ಲಿ ಕೇಡಾಯಿತು. ಮಾರ್ಗ ಬದಲಾದಾಗ ಹಳೆಯ ಸ್ವಯಂಚಾಲನೆ ಬೀಳುತ್ತದೆಂಬುದಕ್ಕೂ ಗಾಡಿಯೇ ಸಾಕ್ಷಿ.

ಇಂದಿನ ತೋಟಗಳಲ್ಲಿಯೂ ಇದೇ ಪಾಠ ಬೇರೊಂದು ರೂಪದಲ್ಲಿದೆ. ಕೊಳವೆಬಾವಿಯ ಪಂಪಿಗೆ ಮೂರು ಫೇಸಿನ ವಿದ್ಯುತ್ತು ಅವೇಳೆಯಲ್ಲಿ ಬರುವುದರಿಂದ ರೈತರು ಆಟೋ ಸ್ಟಾರ್ಟರುಗಳನ್ನು ಅಳವಡಿಸಿಕೊಂಡರು. ಕರೆಂಟು ಬಂದೊಡನೆ ಮೋಟರು ತಾನೇ ಹೊರಡುತ್ತದೆ. ರೈತ ಮನೆಯಲ್ಲಿ ನಿದ್ರಿಸಬಹುದು. ಆದರೆ ಬಾವಿಯಲ್ಲಿ ನೀರು ತೀರಿದರೆ ಮೋಟರು ಬರಿದೇ ಓಡಿ ಸುಡುತ್ತದೆ; ಒಂದೇ ಪರಿವರ್ತಕದ ಕೆಳಗಿನ ಮೋಟರುಗಳೆಲ್ಲ ಒಮ್ಮೆಲೇ ಹೊರಟರೆ ಪರಿವರ್ತಕಕ್ಕೇ ಕೇಡು. ಆದ್ದರಿಂದ ನೀರಿಲ್ಲದಾಗ ಮೋಟರನ್ನು ನಿಲ್ಲಿಸುವ ಮತ್ತೊಂದು ಉಪಕರಣ ಬಂದಿತು. ಬೆಳಿಗ್ಗೆ ತೋಟಕ್ಕೆ ಬಂದ ರೈತ ನಿಂತ ಮೋಟರಿನ ಗುಂಡಿಯನ್ನು ಕೂಡಲೇ ಒತ್ತುವುದಿಲ್ಲ. ಮೀಟರುಗಳನ್ನು ನೋಡಿ, ಪೈಪನ್ನು ಮುಟ್ಟಿ, ಮತ್ತೆ ಹೊರಡಿಸಿದಾಗ ಸದ್ದಿಗೆ ಕಿವಿಗೊಟ್ಟು ತೀರ್ಮಾನಿಸುತ್ತಾನೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಅಲ್ಲಾಡಿಸಿ, ಒಳಗಿನ ಗಿಟುಕು ಚಿಪ್ಪು ಬಿಟ್ಟಿದೆಯೇ ಎಂದು ಸದ್ದಿನಿಂದಲೇ ತಿಳಿಯುವ ಸೀಮೆಯವರಿಗೆ ಇದು ಹೊಸದಲ್ಲ. ಬಿಡುವು, ಸೂಚನೆ, ಅಭ್ಯಾಸ ಮೂರೂ ಇಲ್ಲಿ ಕೂಡಿವೆ. ಇವುಗಳನ್ನೇ ಒರೆಗಲ್ಲಾಗಿಟ್ಟುಕೊಂಡು ಮುಂದಿನ ಪ್ರಕರಣಗಳನ್ನು ಪರೀಕ್ಷಿಸಬಹುದಾಗಿದೆ.

4

ಯಂತ್ರದಿಂದ ಹತೋಟಿಯನ್ನು ಮರಳಿ ಪಡೆಯುವ ಸಮಸ್ಯೆ ಕರ್ನಾಟಕದ ನೆಲದ ಮೇಲೆ ಅತ್ಯಂತ ದಾರುಣವಾಗಿ ಪ್ರಕಟವಾದುದು ರಸ್ತೆಯಲ್ಲಲ್ಲ, ಆಕಾಶದಲ್ಲಿ. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಯ 605ನೆಯ ಯಾನದ ಏರ್‌ಬಸ್ ಎ-320 ವಿಮಾನವು ಬೆಂಗಳೂರಿನ ಹಿಂದೂಸ್ಥಾನ್ ಏರೊನಾಟಿಕ್ಸ್ ವಿಮಾನ ನಿಲ್ದಾಣದ ಓಡುದಾರಿಯನ್ನು ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ತಗುಲಿ ಉರಿದುಹೋಯಿತು. ಒಳಗಿದ್ದ 146 ಜನರಲ್ಲಿ 92 ಮಂದಿ ಮೃತರಾದರು. ಈ ಬಗೆಯ ವಿಮಾನಗಳು ಆ ಸಂಸ್ಥೆಯನ್ನು ಸೇರಿದುದು 1989ರಲ್ಲಿ. ಚಾಲಕಕೋಣೆಯಲ್ಲಿದ್ದವರು ಇಬ್ಬರು ಅನುಭವಿ ಕ್ಯಾಪ್ಟನ್ನರು: ಒಬ್ಬರು ಹೊಸ ವಿಮಾನದ ನಾಯಕತ್ವಕ್ಕಾಗಿ ಪರೀಕ್ಷೆಗೊಳಗಾಗಿದ್ದವರು, ಇನ್ನೊಬ್ಬರು ಪರೀಕ್ಷಕರು.

ಘಟನೆಯ ತಿರುಳು ಹೀಗಿದೆ. ಇಳಿಯುವ ಕೊನೆಯ ಹಂತದಲ್ಲಿ ವಿಮಾನದ ಸ್ವಯಂಚಾಲನ ವ್ಯವಸ್ಥೆಯು ಐಡಲ್ ಓಪನ್ ಡಿಸೆಂಟ್ ಎಂಬ ಕ್ರಮಕ್ಕೆ ಸರಿದಿತ್ತು. ಈ ಕ್ರಮದಲ್ಲಿ ಎಂಜಿನುಗಳ ಬಲ ಕನಿಷ್ಠ ಮಟ್ಟದಲ್ಲಿರುತ್ತದೆ. ವೇಗ ಉಳಿಯಬೇಕಾದರೆ ವಿಮಾನದ ಮೂತಿ ಕೆಳಗೆ ಬಾಗಿಯೇ ಇರಬೇಕು. ಇಳಿಜಾರನ್ನು ಕಾಯ್ದುಕೊಳ್ಳಲು ಚಾಲಕರು ಮೂತಿಯನ್ನು ಎತ್ತಿದಂತೆ ವೇಗ ಕುಗ್ಗುತ್ತ ಹೋಯಿತು. ವೇಗವನ್ನು ಕಾಯುವ ಕ್ರಮ ತಾನಾಗಿ ಬರಬೇಕಾದರೆ ಇಬ್ಬರ ಮುಂದಿನ ಫ್ಲೈಟ್ ಡೈರೆಕ್ಟರುಗಳೂ ಆರಿರಬೇಕಿತ್ತು. ಒಂದು ಆರಿತ್ತು, ಇನ್ನೊಂದು ಆರಿರಲಿಲ್ಲ. ಕೊನೆಯಲ್ಲಿ ಪೂರ್ಣ ಬಲವನ್ನು ಬೇಡಲಾಯಿತಾದರೂ ಎಂಜಿನುಗಳು ಆ ಬಲಕ್ಕೆ ಏರಲು ಬೇಕಾದಷ್ಟು ಸೆಕೆಂಡುಗಳು ಉಳಿದಿರಲಿಲ್ಲ.

ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ಅಧ್ಯಕ್ಷತೆಯ ವಿಚಾರಣಾ ನ್ಯಾಯಾಲಯ ನೀಡಿದ ನಿರ್ಣಯದಲ್ಲಿ ಎರಡು ಭಾಗಗಳಿವೆ. ಯಂತ್ರವು 400, 300, 200 ಅಡಿಗಳೆಂದು ಎತ್ತರವನ್ನು ಕೂಗಿ ಹೇಳಿದ ಮೇಲೂ, ವಿಮಾನ ಯಾವ ಕ್ರಮದಲ್ಲಿದೆ ಎಂಬುದು ತಿಳಿದಿದ್ದರೂ, ಚಾಲಕರು ಸನ್ನಿವೇಶದ ಗಾಂಭೀರ್ಯವನ್ನು ಅರಿತು ಥ್ರಾಟಲನ್ನು ಮುಂದೊತ್ತಲಿಲ್ಲ ಎಂಬುದು ಮೊದಲನೆಯ ಭಾಗದ ಸಾರ. ಆ ನಿರ್ಣಾಯಕ ವೇಳೆಯಲ್ಲಿ ವಿಮಾನ ಆ ಕ್ರಮಕ್ಕೆ ಏಕೆ ಸರಿಯಿತೆಂಬುದನ್ನು ಗುರುತಿಸಲು ಸಾಧ್ಯವಿಲ್ಲ ಎಂಬುದು ಎರಡನೆಯದು. ನ್ಯಾಯಾಲಯ ಎರಡನ್ನೂ ಹೇಳಿದುದು ಅದರ ಪ್ರಾಮಾಣಿಕತೆಗೆ ಸಾಕ್ಷಿ. ಆದರೆ ಮೊದಲ ಭಾಗದ ತೂಕವನ್ನು ನಾವು ಎರಡನೆಯದರ ಬೆಳಕಿನಲ್ಲಿ ನೋಡಬೇಕು. ಆರಾಮವಾಗಿ ಕುಳಿತು ತನಿಖೆ ನಡೆಸಿದ ತಜ್ಞರಿಗೂ ಖಚಿತವಾಗದ ಕಾರಣವನ್ನು ಕೆಲವೇ ಸೆಕೆಂಡುಗಳಲ್ಲಿ ಇಬ್ಬರು ಮನುಷ್ಯರು ಗ್ರಹಿಸಬೇಕಾಗಿತ್ತೆಂಬುದು ಇದರ ಅರ್ಥವಾಗುತ್ತದೆ.

ಚಾಲಕಕೋಣೆಯ ಧ್ವನಿಮುದ್ರಿಕೆ ಇಲ್ಲಿ ಅಮೂಲ್ಯವಾದ ಮೂಲಸಾಮಗ್ರಿ. ವಿಮಾನವು ಇಷ್ಟು ಹೊತ್ತೂ ಐಡಲ್ ಓಪನ್ ಡಿಸೆಂಟ್‌ನಲ್ಲಿಯೇ ಇಳಿಯುತ್ತಿದೆಯಲ್ಲ ಎಂದು ಅಪಘಾತಕ್ಕೆ ಸ್ವಲ್ಪ ಮುಂಚೆ ಮಾತು ಬರುತ್ತದೆ. ಬಳಿಕ ಫ್ಲೈಟ್ ಡೈರೆಕ್ಟರುಗಳ ಮಾತಾಗುತ್ತದೆ. ಅನಂತರ, ಇನ್ನೂ ಆಟೋಪೈಲಟ್‌ನಲ್ಲಿಯೇ ಇದ್ದೀರಾ ಎಂಬ ಅರ್ಥದ ಪ್ರಶ್ನೆ ಬರುತ್ತದೆ. ಇಲ್ಲವೆಂಬ ಉತ್ತರ ಬರುತ್ತದೆ. ಈ ಪ್ರಶ್ನೆಯ ಮಹತ್ತ್ವವನ್ನು ಎಷ್ಟು ಹೇಳಿದರೂ ಸಾಲದು. ನಿದ್ರೆಯಿಲ್ಲದ, ನುರಿತ, ಪಕ್ಕದಲ್ಲಿಯೇ ಕುಳಿತ ಪರೀಕ್ಷಕರು ವಿಮಾನವನ್ನು ನಡೆಸುತ್ತಿರುವುದು ಮನುಷ್ಯನೋ ಯಂತ್ರವೋ ಎಂದು ಬಾಯಿಬಿಟ್ಟು ಕೇಳಬೇಕಾಯಿತು. ಎಚ್ಚರವಿತ್ತು, ಗಮನವೂ ಇತ್ತು. ಅರಿವು ತಡವಾಗಿ ಬಂದಿತು. ನಿರ್ಣಯದಲ್ಲಿ ‘ತಿಳಿದಿದ್ದರೂ’ ಎಂಬ ಮಾತು ಕ್ರಮದ ಹೆಸರನ್ನು ಬಲ್ಲುದನ್ನೂ ಆ ಕ್ರಮದ ಪರಿಣಾಮವನ್ನು ಬಲ್ಲುದನ್ನೂ ಒಂದಾಗಿಸುತ್ತದೆ ಎಂಬುದೇ ನಮ್ಮ ಮುಖ್ಯ ಆಕ್ಷೇಪ.

ನಮ್ಮ ಮೂರು ಒರೆಗಲ್ಲುಗಳನ್ನು ಇಲ್ಲಿ ಇಟ್ಟು ನೋಡೋಣ. ಬಿಡುವು ಇರಲಿಲ್ಲ, ವಿಮಾನ ಗಾಡಿಯಂತೆ ನಿಲ್ಲಲಾರದು. ಅಭ್ಯಾಸ ಎಳೆಯದು, ವಿಮಾನವೇ ದೇಶಕ್ಕೆ ಹೊಸದು. ಇನ್ನು ಸೂಚನೆ. ಎ-320 ವಿಮಾನದಲ್ಲಿ ಯಂತ್ರವು ಎಂಜಿನಿನ ಬಲವನ್ನು ತಾನಾಗಿ ಹೆಚ್ಚು ಕಡಿಮೆ ಮಾಡುವಾಗ ಥ್ರಾಟಲ್ ಹಿಡಿಕೆಗಳು ಕದಲುವುದಿಲ್ಲ. ಹಿಂದಿನ ಅನೇಕ ವಿಮಾನಗಳಲ್ಲಿ ಹಿಡಿಕೆ ತಾನೇ ಸರಿಯುತ್ತ ಚಾಲಕನ ಅಂಗೈಗೆ ಸುದ್ದಿ ಮುಟ್ಟಿಸುತ್ತಿತ್ತು. ಇಲ್ಲಿ ಸುದ್ದಿ ಪರದೆಯ ಮೇಲಿನ ಅಕ್ಷರವಾಗಿ ಬಂದಿತು, ಕೈಗೆ ಬರಲಿಲ್ಲ. ನೊಗದ ಒತ್ತಡವೂ ಗಂಟೆಯ ಸದ್ದೂ ಇಲ್ಲದ ಗಾಡಿ ಅದು. ಈ ವಿನ್ಯಾಸಕ್ಕೆ ತನ್ನದೇ ಆದ ಸಮರ್ಥನೆಗಳಿವೆ. ಎ-320 ಇಂದು ಜಗತ್ತಿನಲ್ಲಿ ಅತ್ಯಂತ ಹೆಚ್ಚಾಗಿ ಬಳಕೆಯಲ್ಲಿರುವ ವಿಮಾನಗಳಲ್ಲಿ ಒಂದೆಂಬುದನ್ನೂ ಮರೆಯಲಾಗದು. ಆದರೆ ಸೂಚನೆಯನ್ನು ತೆಗೆದವರ ಆಯ್ಕೆ ನಿರ್ಣಯದ ಅಂಚಿನಲ್ಲಿ ಉಳಿದು, ಸೂಚನೆ ದೊರೆಯದವರ ವೈಫಲ್ಯ ನಿರ್ಣಯದ ನಡುವೆ ಕುಳಿತುದು ವಿಚಾರಾರ್ಹ.

5

ಮೋಟಾರು ವಾಹನಗಳ ವಿಷಯದಲ್ಲಿ ಈ ಪಾಠ ಎಷ್ಟರಮಟ್ಟಿಗೆ ಸಂದಿದೆ? ಅಮೆರಿಕದ ವಾಹನಶಿಲ್ಪಿಗಳ ಸಂಘ 2014ರಲ್ಲಿ ಮೊದಲು ಪ್ರಕಟಿಸಿದ ವರ್ಗೀಕರಣ ಸ್ವಯಂಚಾಲನೆಗೆ ಸೊನ್ನೆಯಿಂದ ಐದರವರೆಗೆ ಆರು ಹಂತಗಳನ್ನು ಹೇಳುತ್ತದೆ. ಎರಡನೆಯ ಹಂತದಲ್ಲಿ ಯಂತ್ರ ಚಕ್ರವನ್ನೂ ವೇಗವನ್ನೂ ನೋಡಿಕೊಳ್ಳುತ್ತದೆ, ಚಾಲಕ ಸದಾ ಕಾಯುತ್ತಿರಬೇಕು. ಮೂರನೆಯದರಲ್ಲಿ ಕಾಯಬೇಕಾಗಿಲ್ಲ, ಕರೆದಾಗ ಬರಬೇಕು. ಇವೆರಡೂ ಮನುಷ್ಯಸ್ವಭಾವಕ್ಕೆ ಅತ್ಯಂತ ಕಷ್ಟದ ಹಂತಗಳು. ಯಂತ್ರಗಾರನು ಮನುಷ್ಯನನ್ನು ನಂಬದೆ ಕೆಲಸವನ್ನು ಯಂತ್ರಕ್ಕೆ ವಹಿಸಿ, ತನ್ನ ಬುದ್ಧಿಗೆ ನಿಲುಕದ ಕಠಿನ ಭಾಗವನ್ನು ಮಾತ್ರ ಅದೇ ಮನುಷ್ಯನಿಗೆ ಬಿಡುತ್ತಾನೆ ಎಂಬ ವಿಪರ್ಯಾಸವನ್ನು ಲಿಸಾನ್ ಬೇನ್‌ಬ್ರಿಜ್ ಅವರು 1983ರಷ್ಟು ಹಿಂದೆಯೇ ತೋರಿಸಿದ್ದರು. ಬಳಸದ ಕೌಶಲ ಕುಂದುತ್ತದೆ ಎಂಬುದನ್ನೂ ಅವರು ಸೇರಿಸಿದ್ದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಸ್ವಯಂಚಾಲನೆ ಮೊದಲು ತಿನ್ನುವುದು ಅಭ್ಯಾಸವನ್ನು.

ಪ್ರಸಕ್ತ ಸಂಶೋಧನೆಯಲ್ಲಿ ಹೆಚ್ಚಿನ ಶ್ರಮ ‘ಎಷ್ಟು ಸೆಕೆಂಡು’ ಎಂಬ ಪ್ರಶ್ನೆಗೆ ಸಂದಿದೆ. ಎರಿಕ್‌ಸನ್ ಮತ್ತು ಸ್ಟ್ಯಾಂಟನ್ ಎಂಬ ವಿದ್ವಾಂಸರು 26 ಚಾಲಕರನ್ನು ಕೃತಕ ಕಾರಿನಲ್ಲಿ ಕೂರಿಸಿ ನಡೆಸಿದ, 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತುರ್ತಿಲ್ಲದ ಸಂದರ್ಭದಲ್ಲಿ ಹತೋಟಿಯನ್ನು ಮರಳಿ ಪಡೆಯಲು ಹಿಡಿದ ಕಾಲ 1.9 ಸೆಕೆಂಡಿನಿಂದ 25.7 ಸೆಕೆಂಡಿನವರೆಗೆ ಹರಡಿತ್ತು. ಸರಾಸರಿಯನ್ನು ನೋಡಿ ವಿನ್ಯಾಸ ಮಾಡಿದರೆ ನಿಧಾನಿಗಳು ಕೈಬಿಟ್ಟುಹೋಗುವರೆಂಬ ಅವರ ಎಚ್ಚರಿಕೆ ಯೋಗ್ಯವಾದುದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ವಾಹನ 1.9 ಸೆಕೆಂಡಿಗೆ ಸುಮಾರು 42 ಮೀಟರ್, 25.7 ಸೆಕೆಂಡಿಗೆ ಸುಮಾರು 571 ಮೀಟರ್ ಸಾಗುತ್ತದೆ. ವಿಶ್ವಸಂಸ್ಥೆಯ ಆಶ್ರಯದಲ್ಲಿ 2020ರಲ್ಲಿ ಅಂಗೀಕೃತವಾದ 157ನೆಯ ನಿಯಮವು, ಕರೆ ಕೊಟ್ಟ 10 ಸೆಕೆಂಡುಗಳೊಳಗೆ ಚಾಲಕ ಬಾರದಿದ್ದರೆ ವಾಹನ ತಾನೇ ನಿಲ್ಲುವ ಕ್ರಮವನ್ನು ಆರಂಭಿಸಬಹುದೆನ್ನುತ್ತದೆ. ಆ ವೇಳೆಗೆ ಅದೇ ವೇಗದಲ್ಲಿ 222 ಮೀಟರ್ ದಾರಿ ಸರಿದಿರುತ್ತದೆ.

ಈ ಅಳತೆಗಳ ಉಪಯುಕ್ತತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕೈ ಚಕ್ರವನ್ನು ಮುಟ್ಟಿದ ಗಳಿಗೆಯೇ ಅರಿವು ಬಂದ ಗಳಿಗೆಯಲ್ಲ. ಸೆಕೆಂಡುಗಳನ್ನು ಎಣಿಸುವವರು ಬಿಡುವನ್ನು ಮಾತ್ರ ಎಣಿಸುತ್ತಾರೆ. ಸೂಚನೆ ಹೇಗಿತ್ತು, ಅಭ್ಯಾಸ ಎಷ್ಟಿತ್ತು ಎಂಬ ಪ್ರಶ್ನೆಗಳಿಗೆ ಪ್ರಯೋಗಶಾಲೆಯ ಒಂದು ಮಧ್ಯಾಹ್ನ ಸಾಲದು. ಅಭ್ಯಾಸ ವರ್ಷಗಳಲ್ಲಿ ಬೆಳೆಯುತ್ತದೆ, ವರ್ಷಗಳಲ್ಲಿ ಅಳಿಯುತ್ತದೆ. ಸ್ವತಃ ಓಡಿಸಿ ಪಳಗಿದ ಪೀಳಿಗೆ ಇಂದು ಯಂತ್ರದ ಮೇಲ್ವಿಚಾರಣೆ ನಡೆಸುತ್ತಿದೆ. ಮೊದಲಿನಿಂದಲೂ ಮೇಲ್ವಿಚಾರಣೆಯನ್ನಷ್ಟೇ ಕಂಡ ಪೀಳಿಗೆ ಬಂದಾಗ, ಈಗಿನ ಪ್ರಯೋಗಗಳ ಫಲಿತಾಂಶವನ್ನು ಅದಕ್ಕೆ ಅನ್ವಯಿಸುವುದು ಕಷ್ಟ. ಇದು ಇತಿಹಾಸದ ಪ್ರಶ್ನೆ. ಇದನ್ನು ಕೇಳದೆ ಬಿಟ್ಟಿರುವುದು ಈ ಸಾಹಿತ್ಯದ ದೊಡ್ಡ ಕೊರತೆ.

6

ಹೊಣೆಯ ಪ್ರಶ್ನೆ ರಸ್ತೆಯ ಮೇಲೆ ಸ್ಪಷ್ಟವಾಗಿ ಎದ್ದುದು ಅಮೆರಿಕದ ಅರಿಜೋನ ರಾಜ್ಯದ ಟೆಂಪಿ ನಗರದಲ್ಲಿ. 2018ರ ಮಾರ್ಚ್ 18ರ ರಾತ್ರಿ ಊಬರ್ ಸಂಸ್ಥೆಯ ಪರೀಕ್ಷಾ ವಾಹನ ಬೈಸಿಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರಿಗೆ ಬಡಿಯಿತು, ಆಕೆ ಮೃತರಾದರು. ಕಾವಲಿಗೆ ಕುಳಿತಿದ್ದ ಚಾಲಕಿಯ ದೃಷ್ಟಿ ದೂರವಾಣಿಯ ಪರದೆಯ ಮೇಲಿತ್ತೆಂದು ತನಿಖೆಯಿಂದ ತಿಳಿದುಬಂದಿತು. ಇದು ಗಂಭೀರವಾದ ಲೋಪವೆಂಬುದರಲ್ಲಿ ಸಂದೇಹವಿಲ್ಲ. ಆದರೆ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿ 2019ರಲ್ಲಿ ನೀಡಿದ ವರದಿಯಲ್ಲಿ ಇನ್ನೂ ಕೆಲವು ಸಂಗತಿಗಳಿವೆ. ವಾಹನದ ಯಂತ್ರ ಎದುರಿನ ಆಕೃತಿಯನ್ನು 5.6 ಸೆಕೆಂಡು ಮೊದಲೇ ಕಂಡಿತ್ತು. ಅದು ಏನೆಂಬುದನ್ನು ಮತ್ತೆ ಮತ್ತೆ ಬದಲಾಯಿಸಿ ಎಣಿಸುತ್ತಿತ್ತು. ಆ ಅನುಮಾನವನ್ನು ಚಾಲಕಿಗೆ ತಿಳಿಸಲಿಲ್ಲ. ಶ್ರವ್ಯ ಸೂಚನೆ ಹೊರಟುದು ಡಿಕ್ಕಿಗೆ 0.2 ಸೆಕೆಂಡು ಮುಂಚೆ. ಕಾರಿನ ತಯಾರಕರು ಅಳವಡಿಸಿದ್ದ ತುರ್ತು ಬ್ರೇಕಿನ ವ್ಯವಸ್ಥೆ ಆಗ ಕೆಲಸ ಮಾಡದಂತೆ ಇಡಲ್ಪಟ್ಟಿತ್ತು. ಮೊದಲು ವಾಹನವೊಂದಕ್ಕೆ ಇಬ್ಬರಿದ್ದ ಕಾವಲಿನವರನ್ನು 2017ರಲ್ಲಿ ಒಬ್ಬರಿಗೆ ಇಳಿಸಲಾಗಿತ್ತು. ಮಂಡಲಿ ಸಂಸ್ಥೆಯ ಸುರಕ್ಷತಾ ಕ್ರಮಗಳ ದೌರ್ಬಲ್ಯವನ್ನೂ ಯಂತ್ರದ ಮೇಲಿನ ಅತಿನಂಬಿಕೆಯನ್ನೂ ಕಾರಣಗಳಲ್ಲಿ ಸೇರಿಸಿತು.

ಹೀಗಿದ್ದೂ ಶಿಕ್ಷೆಗೆ ಗುರಿಯಾದುದು ಒಬ್ಬ ವ್ಯಕ್ತಿ. ಸಂಸ್ಥೆಯ ಮೇಲೆ ಕ್ರಿಮಿನಲ್ ಹೊಣೆ ಇಲ್ಲವೆಂದು 2019ರಲ್ಲಿ ತೀರ್ಮಾನವಾಯಿತು. ಚಾಲಕಿ 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷಗಳ ಮೇಲ್ವಿಚಾರಣೆಯ ಶಿಕ್ಷೆ ಹೊಂದಿದರು. ತನಿಖೆಯ ವರದಿ ಕಾರಣಗಳನ್ನು ಹಲವರಲ್ಲಿ ಹಂಚಿತು, ನ್ಯಾಯದ ಪ್ರಕ್ರಿಯೆ ಅವನ್ನು ಒಬ್ಬರಲ್ಲಿ ಕೂಡಿಹಾಕಿತು. ಬೆಂಗಳೂರಿನ ನಿರ್ಣಯವನ್ನೂ ಇದನ್ನೂ ಜೊತೆಯಾಗಿಟ್ಟು ಓದುವವರಿಗೆ, ಇಪ್ಪತ್ತೆಂಟು ವರ್ಷಗಳ ಅಂತರದ ಎರಡು ಘಟನೆಗಳಲ್ಲಿ ಬರವಣಿಗೆಯ ಒಲವು ಒಂದೇ ಆಗಿರುವುದು ಕಾಣದಿರದು.

ನಮ್ಮ ದೇಶದ ಕಾನೂನಿನ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳಬಹುದು. 1988ರ ಮೋಟಾರು ವಾಹನಗಳ ಅಧಿನಿಯಮವು ಚಾಲಕನೆಂಬ ಮಾತನ್ನು ವಿವರಿಸುವಾಗ, ಮತ್ತೊಂದು ವಾಹನ ಎಳೆದುಕೊಂಡು ಹೋಗುವ ವಾಹನದ ಚುಕ್ಕಾಣಿ ಹಿಡಿದವನನ್ನೂ ಅದರಲ್ಲಿ ಸೇರಿಸುತ್ತದೆ. ತನ್ನದಲ್ಲದ ಬಲದಿಂದ ಚಲಿಸುವ ವಾಹನದಲ್ಲಿ ಕುಳಿತವನನ್ನು ಶಾಸನಕಾರರು ಹೀಗೆ ಕಲ್ಪಿಸಿಕೊಂಡಿದ್ದರು. ಆದರೆ ಅವನ ಕೈಯಲ್ಲಿ ಚುಕ್ಕಾಣಿಯಾದರೂ ಇತ್ತು. 2019ರ ತಿದ್ದುಪಡಿಯಿಂದ ಹೊಸ ಬಗೆಯ ವಾಹನಗಳ ಸಂಶೋಧನೆಗೆ ವಿನಾಯಿತಿ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ದೊರೆತಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೆಯ ಮತ್ತು 106ನೆಯ ಪ್ರಕರಣಗಳು ದುಡುಕಿನ ಚಾಲನೆಯನ್ನೂ ನಿರ್ಲಕ್ಷ್ಯದಿಂದಾದ ಮರಣವನ್ನೂ ಕುರಿತು ಹೇಳುವಾಗ ನೋಡುವುದು ಕೃತ್ಯವೆಸಗಿದ ವ್ಯಕ್ತಿಯನ್ನು. ಚಾಲನೆ ಅರ್ಧ ಯಂತ್ರದ್ದು, ಅರ್ಧ ಮನುಷ್ಯನದು ಆದಾಗ ಕೃತ್ಯ ಯಾರದೆಂಬ ಪ್ರಶ್ನೆ ನಮ್ಮ ನ್ಯಾಯಾಲಯಗಳ ಮುಂದೆ ಬಂದೇ ಬರುತ್ತದೆ.

7

ನಮ್ಮ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮನುಷ್ಯರ ಅಜಾಗರೂಕತೆಯಿಂದಲೇ ಬಹುಪಾಲು ಅಪಘಾತಗಳು ಸಂಭವಿಸುವಾಗ ಯಂತ್ರದ ನೆರವನ್ನು ಶಂಕಿಸುವುದು ಸರಿಯೇ ಎಂಬುದು ಒಂದು. ನಾವು ನೆರವನ್ನು ಶಂಕಿಸುತ್ತಿಲ್ಲ. ಎದುರಿನ ಅಡ್ಡಿಗೆ ತಾನಾಗಿ ಬೀಳುವ ಬ್ರೇಕು ಜೀವ ಉಳಿಸುತ್ತದೆ; ಅದು ಮನುಷ್ಯನ ಕೆಲಸವನ್ನು ಕಿತ್ತುಕೊಳ್ಳದೆ ಅವನ ಹಿಂದೆ ನಿಲ್ಲುವ ನೆರವು. ಕೆಲಸವನ್ನು ಕಿತ್ತುಕೊಂಡು ಕಾವಲನ್ನು ಮಾತ್ರ ಒಪ್ಪಿಸುವ ಏರ್ಪಾಡು ಬೇರೆಯದು. ಅರಿವನ್ನು ವ್ಯವಸ್ಥೆಯಲ್ಲೆಲ್ಲ ಹಂಚಿದರೆ ಹೊಣೆ ಯಾರದೂ ಆಗದೆ ಹೋದೀತು ಎಂಬುದು ಎರಡನೆಯದು. ಸ್ಟ್ಯಾಂಟನ್ ಮೊದಲಾದವರು ಅರಿವು ಮನುಷ್ಯ-ಯಂತ್ರಗಳಲ್ಲಿ ಹಂಚಿಹೋಗಿರುವುದೆಂದು ವಾದಿಸಿದ್ದಾರೆ. ಅದನ್ನು ನಾವು ಒಪ್ಪುತ್ತೇವೆ. ಆದರೆ ಅರಿವು ಹಂಚಿದಂತೆ ಹೊಣೆಯೂ ಹೆಸರು ಹಿಡಿದು ಹಂಚಿಕೆಯಾಗಬೇಕು: ಬಿಡುವನ್ನು ಗೊತ್ತುಮಾಡಿದವರು ಬಿಡುವಿಗೆ, ಸೂಚನೆಯನ್ನು ರೂಪಿಸಿದವರು ಸೂಚನೆಗೆ, ತರಬೇತು ಕೊಟ್ಟವರು ಅಭ್ಯಾಸಕ್ಕೆ, ಎಚ್ಚರವಾಗಿರಬೇಕಾದವನು ಎಚ್ಚರಕ್ಕೆ ಉತ್ತರ ಹೇಳಬೇಕು.

ಈ ಚರ್ಚೆ ನಮ್ಮ ಸೀಮೆಗೆ ದೂರದ್ದೆಂದು ಭಾವಿಸಬಾರದು. ತುಮಕೂರಿನಿಂದ ಗುಬ್ಬಿ, ನಿಟ್ಟೂರುಗಳ ಮೇಲೆ ತಿಪಟೂರಿಗೆ ಹೋಗುವ ಹೆದ್ದಾರಿಯನ್ನು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಚಿಕ್ಕನಾಯಕನಹಳ್ಳಿ-ತುರುವೇಕೆರೆಗಳ ರಸ್ತೆ ಕೂಡುತ್ತದೆ. ಈ ದಾರಿಗಳಲ್ಲಿ ಪಥವನ್ನು ತಾನೇ ಹಿಡಿದು ಸಾಗಬಲ್ಲ ಎರಡನೆಯ ಹಂತದ ಕಾರುಗಳು ಈಗಾಗಲೇ ಓಡಾಡುತ್ತಿವೆ. ಅವು ದಾರಿಯನ್ನು ಗುರುತಿಸುವುದು ಮುಖ್ಯವಾಗಿ ರಸ್ತೆಯ ಬಿಳಿಗೆರೆಗಳಿಂದ. ಸುಗ್ಗಿಯ ಕಾಲದಲ್ಲಿ ಬೇಡವೆಂದರೂ ರಾಗಿ, ಹುರುಳಿಗಳನ್ನು ಒಕ್ಕಣೆಗಾಗಿ ರಸ್ತೆಗೇ ಹರಡುವುದು ಈ ಭಾಗದಲ್ಲಿ ವಾಡಿಕೆ. ಹುಲ್ಲಿನ ಕೆಳಗೆ ಗೆರೆ ಮುಚ್ಚಿಹೋಗುತ್ತದೆ. ಅದರ ಅಂಚಿನಲ್ಲಿಯೇ ಮೊರ ಹಿಡಿದ ಹೆಣ್ಣುಮಕ್ಕಳು ಬಾಗಿರುತ್ತಾರೆ. ಹಿಂದೀಪವಿಲ್ಲದ ಟ್ರ್ಯಾಕ್ಟರು ತೆಂಗಿನ ಮಟ್ಟೆಯ ಹೊರೆಯೊಡನೆ ಎದುರಿಗೆ ನಿಂತಿರುತ್ತದೆ. ಗೆರೆ ತಪ್ಪಿದ ಯಂತ್ರ ಹತೋಟಿಯನ್ನು ಚಾಲಕನಿಗೆ ಮರಳಿಸುವುದು ಅಲ್ಲಿಯೇ. ಕೆಲವು ವಾಹನಗಳಲ್ಲಿ ಫಲಕದ ಮೇಲಿನ ಪುಟ್ಟ ಚಿತ್ರವೊಂದು ಬಣ್ಣ ಬದಲಿಸುವುದಷ್ಟೇ ಅದಕ್ಕೆ ಸೂಚನೆ. ಬಾಗಿ ನಿಂತವರಿಗಾದರೋ ಯಾವ ಸೂಚನೆಯೂ ಇಲ್ಲ.

ಆದಕಾರಣ ಮೂರು ವಿಷಯಗಳನ್ನು ವಿದ್ವಾಂಸರ ಮತ್ತು ಅಧಿಕಾರಿಗಳ ಪರಿಶೀಲನೆಗೆ ಇಡುತ್ತೇವೆ. ಹತೋಟಿ ಬದಲಾದುದನ್ನು ಕಣ್ಣಿಗಷ್ಟೇ ಅಲ್ಲದೆ ಕೈಗೂ ಕಿವಿಗೂ ತಿಳಿಸದ ವಾಹನಕ್ಕೆ ನಮ್ಮ ರಸ್ತೆಗಳಲ್ಲಿ ಅನುಮತಿ ಇರಬಾರದು. ಇಲ್ಲಿಯ ಅನುಮತಿಗೆ ಇಲ್ಲಿಯ ರಸ್ತೆಯಲ್ಲಿಯೇ, ಸುಗ್ಗಿಯ ಕಾಲದಲ್ಲಿಯೂ, ಪರೀಕ್ಷೆ ನಡೆಯಬೇಕು. ಅಪಘಾತದ ತನಿಖೆ ನಡೆಸುವವರು ಚಾಲಕ ಏನು ಮಾಡಲಿಲ್ಲವೆಂದು ಬರೆಯುವ ಮೊದಲು, ವಾಹನ ಅವನಿಗೆ ಯಾವಾಗ ಏನು ಹೇಳಿತೆಂಬುದನ್ನು ಸೆಕೆಂಡುವಾರಾಗಿ ಬರೆದಿಡಬೇಕು. ಈ ಮೂರನೆಯದು ಎಲ್ಲಕ್ಕಿಂತ ಅಗ್ಗದ ಸುಧಾರಣೆ. ವರದಿಯ ಪುಟಗಳ ಕ್ರಮವನ್ನು ಬದಲಿಸಿದರೆ ಸಾಕು. ಮುಂದಿನ ಇತಿಹಾಸಕಾರನಿಗೆ ಉಳಿಯುವ ದಾಖಲೆ ಅದೇ ಆಗಿರುವುದರಿಂದ, ಅದರ ಮಟ್ಟಿಗೆ ನಮ್ಮ ವಿಭಾಗದ ಒತ್ತಾಯ ಅಸಂಗತವೆನಿಸಲಾರದೆಂದು ನಂಬಿದ್ದೇವೆ.